ಲಿಗ್ನಿನ್ ಬೆರೆತ ಹಾಳೆ ನಮ್ಮ ಗದ್ದೆಯಲ್ಲಿ ಕರಗುತ್ತದೆಯೇ?

ಮೇ ತಿಂಗಳ ಕೊನೆಯ ವಾರ, ಮಳೆಗಾಲದ ಭತ್ತದ ಬೆಳೆಯಾದ ಏಣೇಲಿಗೆ ಗದ್ದೆ ಉಳುವ ಮುನ್ನ, ಬಚ್ಚಂಗಾಯಿ (ಕಲ್ಲಂಗಡಿ) ಬಳ್ಳಿ ಕಿತ್ತ ಸಾಲುಗಳಿಂದ, ಕಳೆ ಏಳದಂತೆ ಮಣ್ಣಿನ ಮೇಲೆ ಹಾಸಿದ್ದ ಪ್ಲಾಸ್ಟಿಕ್ ಹಾಳೆಯನ್ನು, ಅಂದರೆ ಮಲ್ಚಿಂಗ್ ಶೀಟನ್ನು ಎಬ್ಬಿಸಿದವರಿಗೆ ಆ ಕೆಲಸದ ಕಷ್ಟ ಗೊತ್ತು. ಬಿಸಿಲಿಗೆ ಮೈಯೊಡ್ಡಿದ ಭಾಗ ನಾಲ್ಕು ತಿಂಗಳಲ್ಲಿ ಬಿರುಸಾಗಿರುತ್ತದೆ. ಎಳೆದರೆ ಒಂದು ಗಿಡದ ತೂತಿನಿಂದ ಇನ್ನೊಂದು ತೂತಿಗೆ ಸೀಳುತ್ತಾ ಹೋಗುತ್ತದೆ. ಗಾಳಿಗೆ ಹಾರದಿರಲೆಂದು ಎರಡೂ ಬದಿ ಮಣ್ಣಿನೊಳಗೆ ಒತ್ತಿದ ಅಂಚು ಕೈಗೆ ಬರುವುದೇ ಇಲ್ಲ. ಮರುವಾರ ಟಿಲ್ಲರ್ ಇಳಿಸಿದರೆ ಅದರ ಹಲ್ಲುಗಳಿಗೆ ಕಪ್ಪು ಪಟ್ಟಿಗಳು ಸುತ್ತಿಕೊಳ್ಳುತ್ತವೆ, ಯಂತ್ರ ನಿಲ್ಲಿಸಿ ಕತ್ತಿಯಲ್ಲಿ ಬಿಡಿಸಬೇಕಾಗುತ್ತದೆ. ಮೊದಲ ದೊಡ್ಡ ಮಳೆ ಬಂದಾಗ ತೋಡಿನ ಬದಿಯ ಹುಲ್ಲಿನಲ್ಲಿ, ಒಂದು ಮಗ್ಗುಲು ಬೆಳ್ಳಿ ಇನ್ನೊಂದು ಮಗ್ಗುಲು ಕಪ್ಪಾದ, ಉಗುರಿನಷ್ಟಗಲದ ಚೂರುಗಳು ಸಿಕ್ಕಿಕೊಂಡಿರುವುದನ್ನು ನಾನು ಪ್ರತಿ ವರ್ಷ ನೋಡುತ್ತಿದ್ದೇನೆ.

ಲೆಕ್ಕ ಹಾಕಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. 25 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆ ಚದರ ಮೀಟರಿಗೆ ಸುಮಾರು 23 ಗ್ರಾಂ ತೂಗುತ್ತದೆ. ಒಂದು ಎಕರೆಯಲ್ಲಿ ಓಡಾಡುವ ಜಾಗ ಬಿಟ್ಟು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ಮುಚ್ಚಿದರೂ ಸುಮಾರು 50 ಕಿಲೋ ಪ್ಲಾಸ್ಟಿಕ್ ಬೇಕು. ಜಾಗ್ರತೆಯಿಂದ ಕಿತ್ತು ಹತ್ತರಲ್ಲಿ ಒಂದು ಪಾಲು ಮಾತ್ರ ಮಣ್ಣಿನಲ್ಲಿ ಉಳಿಯಿತು ಎಂದಿಟ್ಟುಕೊಳ್ಳಿ. ಹತ್ತು ಬೆಳೆ ಕಳೆಯುವಷ್ಟರಲ್ಲಿ ಹೊಸದಾಗಿ ಹಾಸುವಷ್ಟೇ ಹಾಳೆ ಮಣ್ಣಿನೊಳಗೆ ಚೂರುಚೂರಾಗಿ ಸೇರಿರುತ್ತದೆ. ಕಿತ್ತು ತಂದ ಹಾಳೆಗೂ ಹೋಗಲು ಜಾಗವಿಲ್ಲ. ಮಣ್ಣು ಮೆತ್ತಿದ ಹಾಳೆಯನ್ನು ಗುಜರಿಯವನು ಮುಟ್ಟುವುದಿಲ್ಲ, ಪ್ಲಾಸ್ಟಿಕ್ ಸಂಗ್ರಹಿಸಲು ಮನೆಮನೆಗೆ ಬರುವ ಕೇರಳದ ಹರಿತ ಕರ್ಮ ಸೇನೆಯವರು ತೊಳೆದು ಒಣಗಿಸಿದ ಪ್ಲಾಸ್ಟಿಕ್ ಕೇಳುತ್ತಾರೆ. ಅರ್ಧ ಎಕರೆಯ ಹಾಳೆಯನ್ನು ಮೇ ತಿಂಗಳ ಬಾವಿನೀರಿನಲ್ಲಿ ತೊಳೆಯುವವರು ಯಾರು? ಕೊನೆಗೆ ಅದು ತೆಂಗಿನ ಬುಡದಲ್ಲಿ ಹೊಗೆಯಾಗುತ್ತದೆ.

ಇದು ನಮ್ಮ ಕಾಸರಗೋಡಿನ ಒಂದೆರಡು ಬೈಲುಗಳ ಸಮಸ್ಯೆಯಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2021ರ ಡಿಸೆಂಬರಿನಲ್ಲಿ ಹೊರತಂದ ವರದಿಯ ಪ್ರಕಾರ ಬೆಳೆ ಮತ್ತು ಪಶುಸಂಗೋಪನೆಗೆ ಜಗತ್ತು ವರ್ಷಕ್ಕೆ 1.25 ಕೋಟಿ ಟನ್ ಪ್ಲಾಸ್ಟಿಕ್ ಬಳಸುತ್ತದೆ. ಹಸಿರುಮನೆ, ಮಲ್ಚಿಂಗ್ ಮತ್ತು ಮೇವಿನ ಹಾಳೆಗಳ ಬೇಡಿಕೆಯೊಂದೇ 2018ರ 61 ಲಕ್ಷ ಟನ್ನಿನಿಂದ 2030ರ ಹೊತ್ತಿಗೆ 95 ಲಕ್ಷ ಟನ್ನಿಗೆ ಏರಲಿದೆ. ಚೀನಾದ ಷಿನ್‌ಜಿಯಾಂಗಿನ ಹತ್ತಿ ಹೊಲಗಳಲ್ಲಿ ದಶಕಗಳ ಕಾಲ ತೀರಾ ತೆಳುವಾದ ಹಾಳೆ ಹಾಸಿದ ಪರಿಣಾಮವಾಗಿ ಮಣ್ಣಿನಲ್ಲಿ ಎಷ್ಟು ಚೂರು ತುಂಬಿತೆಂದರೆ, ಅದಕ್ಕೆ ಬಿಳಿ ಮಾಲಿನ್ಯ ಎಂಬ ಹೆಸರೇ ಬಂತು. ಹಾಳೆ ಕನಿಷ್ಠ 10 ಮೈಕ್ರಾನ್ ದಪ್ಪವಿರಲೇಬೇಕೆಂದು ಅಲ್ಲಿನ ಸರಕಾರ 2017ರ ಮಾನದಂಡದಲ್ಲಿ ವಿಧಿಸಿದ್ದೂ ಕೀಳುವಾಗ ಹರಿಯದಿರಲಿ ಎಂಬ ಕಾರಣಕ್ಕೆ.

ಈ ಹಿನ್ನೆಲೆಯಲ್ಲಿಯೇ ಗಿಡಮರಗಳಿಂದ ತೆಗೆದ ಲಿಗ್ನಿನ್ ಎಂಬ ವಸ್ತುವನ್ನು ಪ್ಲಾಸ್ಟಿಕ್‌ಗೆ ಬೆರೆಸಿ ಕೃಷಿ ಹಾಳೆ ತಯಾರಿಸುವ ಸಂಶೋಧನೆ ಗಮನ ಸೆಳೆಯುತ್ತಿದೆ. ಗಿಡದಿಂದ ಬಂದದ್ದು ಎಂದ ಕೂಡಲೇ ಮಣ್ಣಿಗೆ ಸೇರುತ್ತದೆ ಎಂದು ನಾವು ನಂಬಿಬಿಡುತ್ತೇವೆ. ಆದರೆ ಲಿಗ್ನಿನ್‌ನ ಗುಣ ತಿಳಿದವರು ಅಷ್ಟು ಸುಲಭವಾಗಿ ನಂಬಲಾರರು. ಅದನ್ನು ತಿಳಿಯಲು ಪ್ರಯೋಗಾಲಯಕ್ಕೇ ಹೋಗಬೇಕೆಂದಿಲ್ಲ. ನಮ್ಮ ಅಂಗಳದ ಮೂಲೆಯ ತೆಂಗಿನ ಸಿಪ್ಪೆಯ ರಾಶಿಯೇ ಅದರ ಪಾಠ.

ತೆಂಗಿನ ಗರಿ, ಬಾಳೆಯ ಎಲೆ, ಸೊಪ್ಪು ಎಲ್ಲವೂ ಒಂದು ಮಳೆಗಾಲದಲ್ಲಿ ಕೊಳೆತು ಹೋಗುವಾಗ ಸಿಪ್ಪೆ ಮಾತ್ರ ವರ್ಷಗಟ್ಟಲೆ ಹಾಗೆಯೇ ಇರುವುದೇಕೆ? ತೆಂಗಿನ ನಾರಿನಲ್ಲಿ ಶೇ. 40ಕ್ಕೂ ಹೆಚ್ಚು ಲಿಗ್ನಿನ್ ಇದೆ. ಸಾಮಾನ್ಯ ಮರದಲ್ಲಿ ಅದು ಶೇ. 20ರಿಂದ 30ರಷ್ಟು. ಸಸ್ಯದ ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳು ಕಬ್ಬಿಣದ ಸರಳಿನಂತಿದ್ದರೆ ಲಿಗ್ನಿನ್ ಅವುಗಳ ನಡುವೆ ತುಂಬಿದ ಕಾಂಕ್ರೀಟಿನಂತೆ. ಮರ ನೆಟ್ಟಗೆ ನಿಲ್ಲುವುದು, ನೀರು ಸೋರದೆ ತುದಿಯವರೆಗೆ ಏರುವುದು, ಕೀಟ ಮತ್ತು ಶಿಲೀಂಧ್ರಗಳು ಸುಲಭವಾಗಿ ಒಳನುಗ್ಗದಿರುವುದು ಅದರಿಂದಲೇ. ಸೆಲ್ಯುಲೋಸ್ ಒಂದೇ ಬಗೆಯ ಮಣಿಗಳನ್ನು ಸಾಲಾಗಿ ಪೋಣಿಸಿದ ಸರ. ಲಿಗ್ನಿನ್ ಮೂರು ಬಗೆಯ ಉಂಗುರಾಕಾರದ ಅಣುಗಳು ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಹೆಣೆದುಕೊಂಡ ಬಲೆ. ಸರವನ್ನು ಒಂದು ತುದಿಯಿಂದ ಬಿಚ್ಚುತ್ತಾ ಹೋಗುವ ಕಿಣ್ವಗಳು ಹೇರಳವಾಗಿವೆ, ಆದರೆ ಈ ಬಲೆಯನ್ನು ಕತ್ತರಿಸಬಲ್ಲವು ಬಹಳ ಕಡಿಮೆ. ಬಿಳಿಕೊಳೆ ಶಿಲೀಂಧ್ರಗಳೆಂಬ ಒಂದು ಗುಂಪು ಅದನ್ನು ಚೆನ್ನಾಗಿ ಮಾಡಬಲ್ಲದು. ಅಡಿಕೆ ತೋಟದವರಿಗೆ ಆ ಗುಂಪಿನ ಒಂದು ಸದಸ್ಯ ಶತ್ರುವಾಗಿ ಪರಿಚಿತ. ಮರದ ಬುಡವನ್ನು ಟೊಳ್ಳು ಮಾಡುವ ಅಣಬೆ ರೋಗದ ಗ್ಯಾನೋಡರ್ಮಾ ಅದು. ಅದೇ ಗುಂಪಿನ ಚಿಪ್ಪಣಬೆಯನ್ನು ಕಾಯರ್ ಬೋರ್ಡಿನವರು ತೆಂಗಿನ ನಾರಿನ ಹುಡಿಯನ್ನು ಕಾಂಪೋಸ್ಟ್ ಮಾಡಲು ಬಳಸಿಕೊಂಡಿದ್ದಾರೆ. ಹಾಗೆ ಮಾಡದಿದ್ದರೆ ಹುಡಿಯ ರಾಶಿ ವರ್ಷಾನುವರ್ಷ ಕಂದು ನೀರು ಬಿಡುತ್ತಾ ಅಲ್ಲೇ ಕೂತಿರುತ್ತದೆ.

ಇಷ್ಟು ಗಟ್ಟಿಯಾದ ವಸ್ತುವನ್ನು ಹಾಳೆಗೆ ಬೆರೆಸುವ ಯೋಚನೆ ಬರಲು ಮುಖ್ಯ ಕಾರಣ ಅದು ಧಾರಾಳವಾಗಿ, ಅಗ್ಗವಾಗಿ ಸಿಗುವುದು. ಕಾಗದಕ್ಕೆ ಬೇಕಾದದ್ದು ಸೆಲ್ಯುಲೋಸ್ ಮಾತ್ರ. 19ನೇ ಶತಮಾನದ ಕೊನೆಯಲ್ಲಿ ಬಳಕೆಗೆ ಬಂದ ಕ್ರಾಫ್ಟ್ ವಿಧಾನದಲ್ಲಿ ಮರದ ಚೂರುಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡಿನ ದ್ರಾವಣದಲ್ಲಿ ಬೇಯಿಸಿದಾಗ ಲಿಗ್ನಿನ್ ಕರಗಿ ಕಪ್ಪು ದ್ರಾವಣವಾಗಿ ಹೊರಬರುತ್ತದೆ. ಜಗತ್ತಿನ ಕಾಗದ ಕಾರ್ಖಾನೆಗಳಿಂದ ಹೀಗೆ ವರ್ಷಕ್ಕೆ 5ರಿಂದ 7 ಕೋಟಿ ಟನ್ ಲಿಗ್ನಿನ್ ಹೊರಡುತ್ತದೆ ಎಂಬುದು ಸಾಮಾನ್ಯ ಅಂದಾಜು. ಬಹುಪಾಲನ್ನು ಕಾರ್ಖಾನೆಯ ಬಾಯ್ಲರಿನಲ್ಲೇ ಉರಿಸಿ ಶಾಖ ಪಡೆಯುತ್ತಾರೆ, ವಸ್ತುವಾಗಿ ಮಾರಾಟವಾಗುವುದು ಅತ್ಯಲ್ಪ. ಕಪ್ಪು ದ್ರಾವಣಕ್ಕೆ ಇಂಗಾಲದ ಡೈಆಕ್ಸೈಡ್ ಹಾಯಿಸಿ ಲಿಗ್ನಿನ್ ಅನ್ನು ಗರಣೆ ಕಟ್ಟಿಸಿ, ತೊಳೆದು, ಕಂದು ಹುಡಿಯಾಗಿ ಬೇರ್ಪಡಿಸುವ ತಂತ್ರ ಕಳೆದ ದಶಕದಲ್ಲಿ ವಾಣಿಜ್ಯ ಮಟ್ಟಕ್ಕೆ ಬಂದಿದೆ. ನಮ್ಮ ದೇಶದಲ್ಲಿ 2022ರ ಆಗಸ್ಟಿನಲ್ಲಿ ಉದ್ಘಾಟನೆಯಾದ ಪಾಣಿಪತ್ತಿನ ಎಥನಾಲ್ ಘಟಕದಂತಹ ಕಡೆಗಳಲ್ಲಿ ಬೈಹುಲ್ಲಿನ ಸಕ್ಕರೆಯ ಅಂಶವನ್ನು ಹುಳಿಸಿದ ನಂತರ ಉಳಿಯುವ ಶೇಷದಲ್ಲಿಯೂ ಲಿಗ್ನಿನ್ ಹೇರಳವಾಗಿದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಲಿಗ್ನಿನ್ ಹಾಳೆಯ ಸುದ್ದಿ ಕೇಳಿದ ಕೆಲವರು ತೆಂಗಿನ ಸಿಪ್ಪೆಗೆ ಬೆಲೆ ಬರಬಹುದೆಂದು ಆಸೆ ಪಡುತ್ತಾರೆ. ಸಿಪ್ಪೆಯಿಂದ ಲಿಗ್ನಿನ್ ತೆಗೆಯಲು ಕ್ಷಾರವೋ ಆಮ್ಲವೋ ಸಾವಯವ ದ್ರಾವಕವೋ ಬೇಕು. ಅದನ್ನು ಮರಳಿ ಪಡೆಯುವ, ಹೊರಹೋಗುವ ನೀರನ್ನು ಶುದ್ಧಗೊಳಿಸುವ ವ್ಯವಸ್ಥೆಯೂ ಬೇಕು. ಕಾಗದದ ಕಾರ್ಖಾನೆಯಲ್ಲಿ ಅದು ಹೇಗೂ ಹೊರಬೀಳುವ ಉಪವಸ್ತು. ಸಿಪ್ಪೆಯಿಂದ ಅದನ್ನೇ ಗುರಿಯಾಗಿಸಿ ತೆಗೆಯಲು ಹೊರಟರೆ ಅಗ್ಗವೆಂಬ ಅದರ ದೊಡ್ಡ ಗುಣವೇ ಇಲ್ಲವಾಗುತ್ತದೆ.

ಈಗ ಬೆರಕೆಯ ವಿಚಾರಕ್ಕೆ ಬರೋಣ. ಲಿಗ್ನಿನ್ ಬೆರೆತ ಹಾಳೆ ಎಂಬ ಒಂದೇ ಹೆಸರಿನ ಕೆಳಗೆ ಎರಡು ತೀರಾ ಬೇರೆ ವಸ್ತುಗಳಿವೆ, ಮತ್ತು ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ರೈತ ಗಮನಿಸಬೇಕಾದದ್ದು ಇದನ್ನೇ. ಲಿಗ್ನಿನ್ ಎಷ್ಟು ಬೆರೆಸಿದ್ದಾರೆ ಎಂಬುದಕ್ಕಿಂತ ಅದನ್ನು ಯಾವ ಪ್ಲಾಸ್ಟಿಕ್‌ಗೆ ಬೆರೆಸಿದ್ದಾರೆ ಎಂಬುದು ಮೊದಲ ಪ್ರಶ್ನೆ.

ಒಂದು ದಾರಿ ಸಾಮಾನ್ಯ ಪಾಲಿಥೀನಿಗೆ ಬೆರೆಸುವುದು. ಪಾಲಿಥೀನ್ ಎಣ್ಣೆಯ ಜಾತಿ, ಲಿಗ್ನಿನ್‌ನ ಮೈಯಲ್ಲಿ ನೀರಿನ ಕಡೆಗೆ ಒಲಿಯುವ ಗುಂಪುಗಳಿವೆ. ಎರಡನ್ನೂ ಕರಗಿಸಿ ಕಲಸಿದರೆ ಲಿಗ್ನಿನ್ ಕಣಗಳು ಸರಿಯಾಗಿ ಕಲಸದ ಹಿಟ್ಟಿನ ಗಂಟುಗಳಂತೆ ನಿಲ್ಲುತ್ತವೆ, ಹಾಳೆ ಎಳೆದಾಗ ಆ ಗಂಟಿನಲ್ಲೇ ಹರಿಯುತ್ತದೆ. ಎರಡಕ್ಕೂ ಕೈ ಕೊಡಬಲ್ಲ ಮೂರನೆಯದೊಂದು ವಸ್ತುವನ್ನು ಸೇರಿಸಿದರೆ ಅಥವಾ ಲಿಗ್ನಿನ್‌ನ ಮೈಯನ್ನೇ ರಾಸಾಯನಿಕವಾಗಿ ಬದಲಾಯಿಸಿದರೆ ಹೊಂದಾಣಿಕೆ ಸುಧಾರಿಸುತ್ತದೆ, ಆದರೂ ಪ್ರಮಾಣ ಹೆಚ್ಚಿದಂತೆ ಹಾಳೆ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಶೇಕಡಾ ಕೆಲವೇ ಪಾಲು ಬೆರೆಸಿದಾಗ ಮಾತ್ರ ಒಂದು ನಿಜವಾದ ಲಾಭವಿದೆ. ಲಿಗ್ನಿನ್‌ನ ಉಂಗುರಗಳು ಸೂರ್ಯನ ನೇರಳಾತೀತ ಕಿರಣವನ್ನು ಹೀರಿಕೊಳ್ಳುತ್ತವೆ, ಅದರ ಫೀನಾಲ್ ಗುಂಪುಗಳು ಪ್ಲಾಸ್ಟಿಕ್ ಅಣುಗಳು ಗಾಳಿಯೊಂದಿಗೆ ಸೇರಿ ತುಂಡಾಗುವುದನ್ನು ತಡೆಯುತ್ತವೆ. ಕಾರ್ಖಾನೆಗಳು ಹಾಳೆಯ ಬಾಳಿಕೆಗೆಂದು ಸೇರಿಸುವ ದುಬಾರಿ ರಾಸಾಯನಿಕಗಳು ಮಾಡುವುದೂ ಇದೇ ಕೆಲಸವನ್ನು.

ಅಂದರೆ ಪಾಲಿಥೀನಿಗೆ ಬೆರೆತ ಲಿಗ್ನಿನ್ ಹಾಳೆಯನ್ನು ಕರಗಿಸುವುದಿಲ್ಲ, ಕಾಪಾಡುತ್ತದೆ. ಬೇಗ ಚೂರಾಗದ ಹಾಳೆ ಇಡಿಯಾಗಿ ಕೀಳಲು ಬರುತ್ತದೆ ಎಂಬ ದೃಷ್ಟಿಯಿಂದ ಅದೂ ಒಳ್ಳೆಯದೇ. ಆದರೆ ಅದನ್ನು ಗಿಡಜನ್ಯ ಹಾಳೆ, ಮಣ್ಣಿಗೆ ಬಿಟ್ಟರೂ ತೊಂದರೆಯಿಲ್ಲ ಎಂದು ಮಾರಿದರೆ ಅದು ಮೋಸ. ಮಣ್ಣಿನ ಜೀವಿಗಳು ಲಿಗ್ನಿನ್ ಪಾಲನ್ನು ನಿಧಾನವಾಗಿ ತಿಂದು ಮುಗಿಸಿದರೂ ಪಾಲಿಥೀನ್ ಪಾಲು ಜರಡಿಯಂತಾಗಿ ಅಲ್ಲಿಯೇ ಉಳಿಯುತ್ತದೆ. ಪಾಲಿಥೀನಿಗೆ ಪಿಷ್ಟ ಬೆರೆಸಿ ಕರಗುವ ಚೀಲವೆಂದು ಮಾರಿದ ಕಾಲವೊಂದಿತ್ತು, ಆಗಲೂ ಆದದ್ದು ಇದೇ. ಲೋಹದ ಲವಣ ಸೇರಿಸಿ ಬೇಗ ಚೂರಾಗುವಂತೆ ಮಾಡಿದ ಆಕ್ಸೋ ಪ್ಲಾಸ್ಟಿಕ್ ಕೂಡ ಕಣ್ಣಿಗೆ ಕಾಣದಷ್ಟು ಸಣ್ಣ ಚೂರಾಗುವುದನ್ನೇ ಕರಗುವುದು ಎಂದು ಕರೆದುಕೊಂಡಿತ್ತು. ಯುರೋಪಿಯನ್ ಒಕ್ಕೂಟ 2019ರ ನಿರ್ದೇಶನದಲ್ಲಿ ಅದನ್ನು ನಿಷೇಧಿಸಿತು. ನಾಲ್ಕು ವರ್ಷಗಳ ಹಿಂದೆ ಬಯೋ ಎಂದು ದೊಡ್ಡಕ್ಷರದಲ್ಲಿ ಮುದ್ರಿಸಿದ ಒಂದು ಉರುಳೆಯನ್ನು ನಾನೂ ತಂದಿದ್ದೆ. ಮಾರಿದವರು ಕೀಳುವ ಅಗತ್ಯವೇ ಇಲ್ಲ ಎಂದಿದ್ದರು. ಆ ಗದ್ದೆಯಲ್ಲಿ ಈಗಲೂ ಪ್ರತಿ ಉಳುಮೆಗೆ ಅದರ ಚೂರುಗಳು ಮೇಲೇಳುತ್ತವೆ, ಬೆರಳಲ್ಲಿ ಉಜ್ಜಿದರೆ ಹುಡಿಯಾಗುತ್ತವೆ. ಹುಡಿಯಾದದ್ದು ಮಾಯವಾಯಿತೆಂದು ಸಮಾಧಾನ ಪಡಲು ನನಗೆ ಸಾಧ್ಯವಾಗುತ್ತಿಲ್ಲ, ಏಕೆಂದರೆ ಆ ಹುಡಿಯನ್ನು ಹೆಕ್ಕಲು ಯಾರಿಂದಲೂ ಆಗದು.

ಇನ್ನೊಂದು ದಾರಿ ಮಣ್ಣಿನಲ್ಲಿ ನಿಜವಾಗಿ ಕರಗಬಲ್ಲ ಪ್ಲಾಸ್ಟಿಕ್‌ಗೆ ಲಿಗ್ನಿನ್ ಬೆರೆಸುವುದು. ಮಲ್ಚಿಂಗ್ ಹಾಳೆಗೆ ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಪಿಬಿಎಟಿ ಎಂಬ ಪಾಲಿಯೆಸ್ಟರ್. ಅದು ಪೆಟ್ರೋಲಿಯಂ ಮೂಲದ್ದೇ ಆದರೂ ಅದರ ಸರಪಳಿಯ ಕೊಂಡಿಗಳನ್ನು ಮಣ್ಣಿನ ಸೂಕ್ಷ್ಮಜೀವಿಗಳ ಕಿಣ್ವಗಳು ಬಿಡಿಸಬಲ್ಲವು. ಯಾವುದರಿಂದ ಹುಟ್ಟಿತು ಎಂಬುದೂ ಎಲ್ಲಿ ಮುಗಿಯುತ್ತದೆ ಎಂಬುದೂ ಬೇರೆ ಬೇರೆ ಪ್ರಶ್ನೆಗಳೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಕಬ್ಬಿನ ಎಥನಾಲಿನಿಂದ ಮಾಡಿದ ಪಾಲಿಥೀನ್ ಗಿಡಜನ್ಯ, ಆದರೆ ಕರಗುವುದಿಲ್ಲ. ಪಿಬಿಎಟಿ ಗಿಡಜನ್ಯವಲ್ಲ, ಆದರೆ ಕರಗುತ್ತದೆ.

ಪಿಬಿಎಟಿಗೆ ಎರಡು ದೌರ್ಬಲ್ಯಗಳಿವೆ. ಅದು ಪಾಲಿಥೀನಿಗಿಂತ ಬಹಳ ದುಬಾರಿ, ಮತ್ತು ಬಿಸಿಲಿಗೆ ಬೇಗ ಬಿರುಕು ಬಿಡುತ್ತದೆ. ಲಿಗ್ನಿನ್ ಎರಡಕ್ಕೂ ಉತ್ತರವಾಗಬಲ್ಲದು. ಅಗ್ಗದ ತುಂಬುವಸ್ತುವಾಗಿ ಬೆಲೆ ಇಳಿಸುತ್ತದೆ, ಕಂದು ಕೊಡೆಯಾಗಿ ಬಿಸಿಲು ತಡೆಯುತ್ತದೆ. ಬಣ್ಣವೇ ಲಿಗ್ನಿನ್‌ಗಿದ್ದ ಶಾಪ. ಬಿಳಿ ಚೀಲಕ್ಕೋ ಪಾರದರ್ಶಕ ಪೊಟ್ಟಣಕ್ಕೋ ಯಾರೂ ಅದನ್ನು ಬಯಸುವುದಿಲ್ಲ. ಕಳೆ ಏಳದಂತೆ ಬೆಳಕು ತಡೆಯಬೇಕಾದ ಮಲ್ಚಿಂಗ್ ಹಾಳೆಗೆ ಮಾತ್ರ ಆ ಬಣ್ಣವೇ ವರ. ಲಿಗ್ನಿನ್ ಪಾಲಿಯೆಸ್ಟರಿನೊಂದಿಗೆ ಪಾಲಿಥೀನಿನೊಂದಿಗಿಂತ ಚೆನ್ನಾಗಿ ಹೊಂದುತ್ತದೆ ಕೂಡ. ತೊಡಕುಗಳಿಲ್ಲವೆಂದಲ್ಲ. ಪ್ರಮಾಣ ಹೆಚ್ಚಾದಂತೆ ಇಲ್ಲಿಯೂ ಹಾಳೆ ಬಿರುಸಾಗುತ್ತದೆ. ಹಾಳೆ ಊದುವ ಯಂತ್ರದ ಶಾಖ ಸ್ವಲ್ಪ ಮೀರಿದರೆ ಕ್ರಾಫ್ಟ್ ಲಿಗ್ನಿನ್ ಗಂಧಕದ ವಾಸನೆ ಬಿಡುತ್ತದೆ. ಒಂದು ಕಾರ್ಖಾನೆಯ ಲಿಗ್ನಿನ್ ಇನ್ನೊಂದರಂತೆ ಇರುವುದಿಲ್ಲ. ಮರದ ಜಾತಿ, ಬೇಯಿಸಿದ ಬಗೆ ಬದಲಾದರೆ ಅದರ ಸ್ವಭಾವವೂ ಬದಲಾಗುವುದರಿಂದ ಪ್ರತಿ ಸಲವೂ ಒಂದೇ ಗುಣದ ಹಾಳೆ ತೆಗೆಯುವುದು ಕಷ್ಟ.

ಕರಗುತ್ತದೆ ಎಂದು ನಿರ್ಧರಿಸುವ ಅಳತೆಗೋಲು ಯಾವುದು? ಮಲ್ಚಿಂಗ್ ಹಾಳೆಗಾಗಿಯೇ ಯುರೋಪಿನಲ್ಲಿ 2018ರಲ್ಲಿ ಬಂದ ಇಎನ್ 17033 ಎಂಬ ಮಾನದಂಡವಿದೆ. ಪ್ರಯೋಗಾಲಯದ ಮಣ್ಣಿನಲ್ಲಿ, ಸುಮಾರು 25 ಡಿಗ್ರಿ ಉಷ್ಣತೆಯಲ್ಲಿ, 24 ತಿಂಗಳೊಳಗೆ ಹಾಳೆಯ ಇಂಗಾಲದ ಶೇ. 90ರಷ್ಟು ಇಂಗಾಲದ ಡೈಆಕ್ಸೈಡ್ ಆಗಿ ಹೊರಹೋಗಬೇಕು. ನಮ್ಮ ದೇಶದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ 2024ರ ಮಾರ್ಚಿನಲ್ಲಿ ಬಂದ ತಿದ್ದುಪಡಿಯಲ್ಲಿ ಜೈವಿಕವಾಗಿ ಕರಗುವ ಪ್ಲಾಸ್ಟಿಕ್ ಯಾವುದೇ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳನ್ನು ಉಳಿಸಬಾರದು ಎಂಬ ಮಾತು ಸೇರಿರುವುದು ಬಹಳ ಮುಖ್ಯ. ಚೂರಾಗುವುದನ್ನೇ ಕರಗುವುದು ಎಂದು ತೋರಿಸಲು ಇನ್ನು ಅವಕಾಶವಿರಬಾರದು. ಲಿಗ್ನಿನ್ ಹೆಚ್ಚಿರುವ ಹಾಳೆಗೆ 24 ತಿಂಗಳ ಪರೀಕ್ಷೆ ಕಠಿಣವೇ, ಏಕೆಂದರೆ ಲಿಗ್ನಿನ್ ಸ್ವಭಾವತಃ ನಿಧಾನ. ಆದರೆ ಉಳಿದ ಲಿಗ್ನಿನ್ ಪ್ಲಾಸ್ಟಿಕ್ ಅಲ್ಲ. ಕಾಡಿನ ನೆಲದಲ್ಲಿ ಲಿಗ್ನಿನ್ ಅರೆಬರೆ ಕೊಳೆತು ಮಣ್ಣಿನ ಕಪ್ಪು ಸತ್ವದ ಭಾಗವಾಗುವುದು ಎಂದಿನಿಂದಲೂ ನಡೆದು ಬಂದದ್ದು. ಲಿಗ್ನಿನ್ ತಡವಾಗುವುದನ್ನು ನಾನು ಒಪ್ಪಬಲ್ಲೆ, ಪ್ಲಾಸ್ಟಿಕ್ ತಡವಾಗುವುದನ್ನು ಒಪ್ಪಲಾರೆ. ಪರೀಕ್ಷೆಯ ವರದಿ ಇವೆರಡನ್ನೂ ಬೇರೆ ಬೇರೆಯಾಗಿ ತೋರಿಸಬೇಕು.

ಪ್ರಯೋಗಾಲಯದ 25 ಡಿಗ್ರಿಗೂ ನಮ್ಮ ಬೈಲಿಗೂ ಇರುವ ಅಂತರವೂ ಕಡಿಮೆಯದ್ದಲ್ಲ. ಎರಡನೆಯ ಭತ್ತದ ಬೆಳೆಯಾದ ಸುಗ್ಗಿಯ ಕೊಯ್ಲಾದ ಮೇಲೆ, ಮೂರನೆಯ ಬೆಳೆಯಾದ ಕೊಳಕೆಯ ಕಾಲದಲ್ಲಿ, ನಾವು ಬಚ್ಚಂಗಾಯಿ, ಸೌತೆ, ಅಲಸಂಡೆ ಹಾಕುತ್ತೇವೆ. ಹಾಳೆ ಜನವರಿಯಿಂದ ಏಪ್ರಿಲ್ ಕೊನೆಯವರೆಗೆ, ಅತ್ಯಂತ ಸುಡುವ ಬಿಸಿಲಿನಲ್ಲಿ, ಗಟ್ಟಿಯಾಗಿ ನಿಲ್ಲಬೇಕು. ಜೂನಿನಲ್ಲಿ ಅದೇ ಗದ್ದೆ ನೀರು ತುಂಬಿ ಕೆಸರಾಗುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಊರು ನಮ್ಮದು. ಉಳುಮೆಯಲ್ಲಿ ಮಣ್ಣಿಗೆ ಸೇರಿದ ಹಾಳೆಗೆ ಅಲ್ಲೇ ಕೂತು 24 ತಿಂಗಳು ಕರಗುವ ಅವಕಾಶವನ್ನು ನಮ್ಮ ಮಳೆ ಕೊಡುವುದಿಲ್ಲ. ಗದ್ದೆಯ ಚೂರು ತೋಡಿಗೆ, ತೋಡಿನಿಂದ ಶಿರಿಯ ಹೊಳೆಗೋ ಪಯಸ್ವಿನಿಗೋ, ಅಲ್ಲಿಂದ ಸಮುದ್ರಕ್ಕೆ ಹೋಗುತ್ತದೆ. ಮಣ್ಣಿನಲ್ಲಿ ಕರಗುವ ಹಾಳೆ ಉಪ್ಪುನೀರಿನಲ್ಲಿಯೂ ಅಷ್ಟೇ ಬೇಗ ಕರಗುತ್ತದೆ ಎಂದೇನೂ ಇಲ್ಲ. ಗಾಳಿಯಾಡದ ಕೆಸರಿನಲ್ಲಿ ಲಿಗ್ನಿನ್ ತಿನ್ನುವ ಶಿಲೀಂಧ್ರಗಳೂ ಕೆಲಸ ಮಾಡಲಾರವು, ಅವಕ್ಕೆ ಆಮ್ಲಜನಕ ಬೇಕು. ಹೀಗಾಗಿ ಒಣಭೂಮಿಯ ಟೊಮೆಟೊ ಹೊಲದಲ್ಲಿ ಗೆದ್ದ ಹಾಳೆ ನಮ್ಮ ಮೂರು ಬೆಳೆಯ ಬೈಲಿನಲ್ಲಿ ಗೆಲ್ಲುತ್ತದೆ ಎಂದು ಮೊದಲೇ ಒಪ್ಪಿಕೊಳ್ಳಬಾರದು.

ಎಲ್ಲ ಬಳಕೆಗೂ ಈ ಹಾಳೆ ಹೊಂದುವುದಿಲ್ಲ ಎಂಬುದೂ ಸ್ಪಷ್ಟ. ಅಡಿಕೆ ಒಣಗಿಸುವ ಸೋಲಾರ್ ಮನೆಗೆ ಬೆಳಕು ಬಿಡುವ, ಮೂರು ನಾಲ್ಕು ವರ್ಷ ಬಾಳುವ ಹಾಳೆ ಬೇಕು. ತೋಡಿಗೆ ಅಡ್ಡಲಾಗಿ ಹಾಕುವ ಕಟ್ಟಕ್ಕೆ ಹೊದಿಸುವ ಶೀಟನ್ನು ವರ್ಷವರ್ಷವೂ ಮಡಚಿಟ್ಟು ಮತ್ತೆ ಬಳಸುತ್ತೇವೆ. ಅಲ್ಲಿ ಕರಗುವ ಗುಣ ಬೇಡವೇ ಬೇಡ. ನನಗೆ ಹೆಚ್ಚು ಆಸೆ ಹುಟ್ಟಿಸುವುದು ನರ್ಸರಿಯಲ್ಲಿ ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲ, ಅಂದರೆ ತೊಟ್ಟೆ. ಅಡಿಕೆ ಸಸಿ ವರ್ಷಕ್ಕಿಂತ ಹೆಚ್ಚು ಕಾಲ ಅದರಲ್ಲಿ ಬೆಳೆಯುತ್ತದೆ; ನೆಡುವಾಗ ಹರಿದ ತೊಟ್ಟೆ ಗುಂಡಿಯ ಪಕ್ಕದಲ್ಲೇ ಬೀಳುತ್ತದೆ ಅಥವಾ ಆಳುಗಳ ಕಣ್ತಪ್ಪಿ ಸಸಿಯೊಂದಿಗೇ ಮಣ್ಣು ಸೇರುತ್ತದೆ. ಬರಿಯ ಪಿಬಿಎಟಿ ತೊಟ್ಟೆ ಅಷ್ಟು ಕಾಲ ಬಾಳುವುದು ಕಷ್ಟ. ಲಿಗ್ನಿನ್ ಕೊಡುವ ನಿಧಾನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ತೋಟದ ಮಣ್ಣಿನಲ್ಲಿ ಗಾಳಿಯೂ ಇದೆ, ಅಣಬೆಯ ಜಾತಿಗಳೂ ಇವೆ, ತೊಟ್ಟೆ ಗುಂಡಿಯೊಳಗಿರುವುದರಿಂದ ಮಳೆಗೆ ಹರಿದುಹೋಗುವುದೂ ಇಲ್ಲ.

ದುಡ್ಡಿನ ಮಾತೂ ಇದೆ. ಕರಗುವ ಹಾಳೆಯ ಬೆಲೆ ಸಾಮಾನ್ಯ ಹಾಳೆಯ ಎರಡು ಮೂರು ಪಟ್ಟು. ಕೀಳುವ ಕೂಲಿ, ಸಾಗಣೆ ಉಳಿಯುತ್ತದೆ ನಿಜ, ಆದರೆ ಹಾಳೆ ಹಾಸುವ ದಿನ ರೈತನ ಕೈಯಿಂದ ಹೋಗುವ ಹಣವೇ ಅವನ ತೀರ್ಮಾನವನ್ನು ನಡೆಸುತ್ತದೆ. ಪ್ಲಾಸ್ಟಿಕ್ ಮಲ್ಚಿಂಗ್‌ಗೆ ತೋಟಗಾರಿಕೆ ಯೋಜನೆಗಳಲ್ಲಿ ವೆಚ್ಚದ ಅರ್ಧದಷ್ಟು ಸಹಾಯಧನವಿದೆ. ಮಣ್ಣಿನಲ್ಲಿ ಉಳಿಯುವ ಹಾಳೆಗೂ ಮುಗಿದುಹೋಗುವ ಹಾಳೆಗೂ ಒಂದೇ ಸಹಾಯಧನ ಸಿಗುವವರೆಗೆ ಅಗ್ಗದ್ದೇ ಮಾರಾಟವಾಗುತ್ತದೆ. ಹಾಗೆಂದು ದುಬಾರಿ ಹಾಳೆ ಮಾತ್ರ ದಾರಿಯೆಂದೂ ನಾನು ಹೇಳುವುದಿಲ್ಲ. ನಮ್ಮ ಹಿರಿಯರು ಗುಡ್ಡೆಯ ತರಗೆಲೆ, ಸೊಪ್ಪು, ಮಡಲು ಹಾಸಿ ಮಣ್ಣಿನ ತೇವ ಉಳಿಸಿದ್ದರು. ತೆಂಗಿನ ಬುಡದಲ್ಲಿ ಸಿಪ್ಪೆ ಹೂಳುವುದು ಈಗಲೂ ಒಳ್ಳೆಯ ಪದ್ಧತಿ, ಮತ್ತು ಅದು ಲಿಗ್ನಿನ್‌ನ ಅತ್ಯಂತ ಸರಳ ಬಳಕೆ. ಆದರೆ ಸೊಪ್ಪಿನ ಗುಡ್ಡೆಗಳು ರಬ್ಬರ್ ತೋಟಗಳಾಗಿವೆ, ತರಗೆಲೆ ಗುಡಿಸುವ ಆಳುಗಳಿಲ್ಲ. ಎಕರೆಗಟ್ಟಲೆ ತರಕಾರಿ ಮಾಡುವವನಿಗೆ ತರಗೆಲೆ ಹಾಸು ಎಂದು ಉಪದೇಶ ಮಾಡುವುದು ನ್ಯಾಯವಲ್ಲ.

ಹೊಸ ಹಾಳೆಯಲ್ಲಿ ಲಿಗ್ನಿನ್ ಮತ್ತು ಪ್ಲಾಸ್ಟಿಕ್ ಅಲ್ಲದೆ ಇನ್ನೇನಿದೆ ಎಂದು ಕೇಳುವ ಹಕ್ಕು ಈ ಕಾಸರಗೋಡು ಜಿಲ್ಲೆಗೆ ಬೇರೆಲ್ಲರಿಗಿಂತ ಹೆಚ್ಚಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಾಗ ಅದರಿಂದ ಅಪಾಯವಿಲ್ಲವೆಂದೇ ನಮಗೆ ಹೇಳಲಾಗಿತ್ತು; 2000ದಲ್ಲಿ ಸಿಂಪಡಣೆ ನಿಂತರೂ ಸುಪ್ರೀಂ ಕೋರ್ಟಿನ ನಿಷೇಧ ಬರುವಾಗ 2011 ಆಗಿತ್ತು. ಲಿಗ್ನಿನ್ ಹಾಳೆಯನ್ನು ಎಂಡೋಸಲ್ಫಾನಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ, ಹೋಲಿಕೆ ಸರಿಯೂ ಅಲ್ಲ. ಮಣ್ಣಿಗೆ ಬಿಡುವುದಕ್ಕೆಂದೇ ತಯಾರಾದ ವಸ್ತುವಿನಲ್ಲಿ ಬೆಸೆಯುವ ರಾಸಾಯನಿಕ ಯಾವುದು, ಬಣ್ಣ ಯಾವುದು, ಲೋಹದ ಅಂಶ ಎಷ್ಟು, ಪರೀಕ್ಷೆ ಮಾಡಿದ್ದು ಯಾವ ಮಣ್ಣಿನಲ್ಲಿ ಎಂಬುದು ಉರುಳೆಯ ಮೇಲೆಯೇ ಮುದ್ರಿತವಾಗಿರಬೇಕು, ಮಲಯಾಳದ ಜೊತೆಗೆ ಕನ್ನಡದಲ್ಲಿಯೂ.

ಇಂತಹ ಹಾಳೆ ಕೈಗೆ ಬಂದವರು ಮಾಡಬಹುದಾದ ಒಂದು ಪರೀಕ್ಷೆ ಇದೆ, ಅದಕ್ಕೆ ಯಂತ್ರ ಬೇಡ. ಒಂದೇ ಅಳತೆಯ ಹತ್ತು ತುಂಡುಗಳನ್ನು ಕತ್ತರಿಸಿ, ಮೀನಿನ ಬಲೆಯ ಸಣ್ಣ ಚೀಲಗಳಲ್ಲಿ ಹಾಕಿ, ಐದನ್ನು ಬೈಲಿನ ಗದ್ದೆಯಲ್ಲಿ, ಐದನ್ನು ಅಡಿಕೆ ತೋಟದಲ್ಲಿ ಗೇಣುದ್ದ ಆಳಕ್ಕೆ ಹೂಳಬೇಕು. ಪಕ್ಕದಲ್ಲಿ ಹತ್ತಿ ಬಟ್ಟೆಯ ತುಂಡನ್ನೂ ಸಾಮಾನ್ಯ ಮಲ್ಚಿಂಗ್ ಶೀಟಿನ ತುಂಡನ್ನೂ ಹೂಳಿದರೆ ಹೋಲಿಕೆಗೆ ಆಗುತ್ತದೆ. ನಾಲ್ಕು ತಿಂಗಳಿಗೊಮ್ಮೆ ಎರಡೂ ಕಡೆಯಿಂದ ಒಂದೊಂದು ಚೀಲ ತೆಗೆದು, ತೊಳೆದು, ಒಣಗಿಸಿ, ಚಿನ್ನ ತೂಗುವ ತಕ್ಕಡಿಯಲ್ಲಿ ತೂಕ ನೋಡಬೇಕು. ಬಲೆಯಿಂದ ಚೂರು ಸೋರಿದರೂ ತೂಕ ಇಳಿಯುವುದರಿಂದ, ಇಳಿದ ತೂಕವನ್ನೇ ಕರಗಿತೆಂದು ಬರೆದುಕೊಳ್ಳದೆ ಚೀಲದ ಸುತ್ತಲಿನ ಮಣ್ಣನ್ನೂ ಒಂದು ಬಕೆಟ್ ನೀರಿಗೆ ಹಾಕಿ ಕದಡಿ, ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ ನೋಡಬೇಕು. ಪಿಬಿಎಟಿ ನೀರಿಗಿಂತ ಭಾರ, ಎಷ್ಟು ಉಪ್ಪು ಕರಗಿಸಿದ ನೀರಿನಲ್ಲಿಯೂ ಅದರ ಚೂರು ತೇಲುವುದಿಲ್ಲ, ಆದ್ದರಿಂದ ಜರಡಿಯಲ್ಲಿ ಉಳಿದದ್ದರಲ್ಲೇ ಅದನ್ನು ಹುಡುಕಬೇಕು. ಪಾಲಿಥೀನಿನ ಚೂರಾದರೆ ಬರಿಯ ಬಾವಿನೀರಿನಲ್ಲೇ ಮೇಲೆ ಬರುತ್ತದೆ.